ಅರವತ್ತಾಗುವವರೆಗೆ ಸಾಯುವುದಿಲ್ಲ ಎಂದ ಶಿವಲಿಂಗಮ್ಮ

ಚನ್ನಪಟ್ಟಣದ ಒಂದು ರೇಷ್ಮೆ ಹುರಿ ಕಾರ್ಖಾನೆಯಲ್ಲಿ ಇಪ್ಪತ್ತನಾಲ್ಕು ವರ್ಷ ನಿಂತೇ ದುಡಿದ ಶಿವಲಿಂಗಮ್ಮನಿಗೆ ಎರಡು ವಿದ್ಯೆಗಳು ಕರಗತವಾಗಿದ್ದವು. ಒಂದು, ಗಿರಗಿರ ತಿರುಗುವ ಮಿಷನ್ನಿನ ಮೇಲೆ ಕಡಿದುಹೋದ ಎಳೆಯನ್ನು ಕಣ್ಣು ಮಿಟುಕಿಸುವುದರೊಳಗೆ ಹಿಡಿದು ಗಂಟು ಹಾಕುವುದು. ಇನ್ನೊಂದು, ಬದುಕಿರುವ ಗಂಡನಿಗೆ ವರ್ಷ ವರ್ಷವೂ ತಪ್ಪದೆ ಪಿತೃಪಕ್ಷದಲ್ಲಿ ಎಡೆ ಇಡುವುದು.

ಮೊದಲನೆಯದನ್ನು ಕಾರ್ಖಾನೆ ಕಲಿಸಿತ್ತು. ಎರಡನೆಯದನ್ನು ದಾಸಪ್ಪ ಕಲಿಸಿದ್ದ.

ಉಯ್ಯಂಬಳ್ಳಿಯಲ್ಲಿ ಹುಟ್ಟಿದ ಅವಳನ್ನು ದೊಡ್ಡಆಲಹಳ್ಳಿಯ ದಾಸಪ್ಪನಿಗೆ ಕೊಟ್ಟಿದ್ದರು. ದಾಸಪ್ಪ ನೋಡಲು ಲಕ್ಷಣವಾಗಿದ್ದ. ಆ ಸಂಗತಿ ಅವನಿಗೂ ಗೊತ್ತಿತ್ತು; ತೊಂದರೆ ಶುರುವಾದದ್ದೇ ಅಲ್ಲಿಂದ. ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ ಒಂದು ಬೆಳಿಗ್ಗೆ, ಕನಕಪುರದ ಸಂತೆಯಲ್ಲಿ ಒಳ್ಳೆಯ ಹಸು ನೋಡಿಟ್ಟಿದ್ದೇನೆ ಎಂದು ಹೆಂಡತಿಯ ಕಿವಿಯಿಂದ ಓಲೆ ಜುಮುಕಿ ಬಿಚ್ಚಿಸಿಕೊಂಡು ಹೊರಟ. ಹಸು ಬರಲಿಲ್ಲ, ಓಲೆ ಬರಲಿಲ್ಲ, ದಾಸಪ್ಪನೂ ಬರಲಿಲ್ಲ. ಆರು ತಿಂಗಳ ಮೇಲೆ ಸುದ್ದಿ ಮಾತ್ರ ಬಂತು: ಮಾಗಡಿ ಕಡೆಯ ಗುಡೇಮಾರನಹಳ್ಳಿಯಲ್ಲಿ ಮುನಿರತ್ನಮ್ಮ ಎಂಬವಳ ಜೊತೆ ಸಂಸಾರ ಹೂಡಿದ್ದಾನೆ, ಅವಳಿಗೆ ಎರಡೆಕರೆ ಹಿಪ್ಪುನೇರಳೆ ತೋಟವೂ ಹೆಂಚಿನ ಮನೆಯೂ ಇವೆ, ಅಳಿಯನಿಗೆ ಸಿಗಬೇಕಾದ ಮರ್ಯಾದೆಯೆಲ್ಲ ಅವನಿಗೆ ಸಿಗುತ್ತಿದೆ.

ಶಿವಲಿಂಗಮ್ಮ ಅಳಲಿಲ್ಲ, ಪಂಚಾಯ್ತಿ ಸೇರಿಸಲಿಲ್ಲ. ಗಂಡ ಸತ್ತನೆಂದು ಸಾರಿದಳು. ಆ ವರ್ಷದ ಪಿತೃಪಕ್ಷದಲ್ಲಿ ಅವನ ಹೆಸರಿನಲ್ಲಿ ಎಲೆ ಹಾಸಿದಳು. ಊರವರೆಲ್ಲ ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ಬಡಿಸಿದರೆ, ಇವಳು ದಾಸಪ್ಪನಿಗೆ ಕಂಡರಾಗದ್ದನ್ನೇ ಹುಡುಕಿ ಬಡಿಸಿದಳು: ಬೆಲ್ಲ ಹಾಕದ ಹಾಗಲಕಾಯಿ ಗೊಜ್ಜು, ಉಪ್ಪಿಲ್ಲದ ಹುರುಳಿ ಸಾರು, ತಣ್ಣಗಾಗಿ ಕಲ್ಲಾದ ಮುದ್ದೆ.

ಅವಳ ತಾಯಿ ಯಲ್ಲಮ್ಮ ಬಾಯಿ ಬಡಿದುಕೊಂಡಳು. "ಬದುಕಿರೋರ್ಗೆ ಎಡೆ ಇಟ್ರೆ ಆಯಸ್ಸು ಕಮ್ಮಿ ಆಯ್ತದೆ ಕಣೇ!"

"ಅದುಕ್ಕೇ ಇಡ್ತಿರೋದು ಕಣವ್ವ."

ಎರಡು ವರ್ಷದ ಮೇಲೆ ಚನ್ನಪಟ್ಟಣಕ್ಕೆ ಬಂದು ಕಾರ್ಖಾನೆ ಸೇರಿದಾಗ, ಕಾಗದ ತುಂಬುತ್ತಿದ್ದ ಗುಮಾಸ್ತ "ಗಂಡ?" ಎಂದ. "ಸತ್ತ" ಎಂದಳು. ಗುಮಾಸ್ತ ಅವಳ ಹಣೆಯ ಕುಂಕುಮ ನೋಡಿದ. "ಇದು ನಮ್ಮವ್ವ ಇಟ್ಟಿದ್ದು, ಅವನಪ್ಪ ಇಟ್ಟಿದ್ದಲ್ಲ. ಬರ್ಕೊಳಪ್ಪ" ಎಂದಳು. ಅವನು ವಿಧವೆ ಎಂದು ಬರೆದುಕೊಂಡ. ಆ ಒಂದು ಪದ ಇಪ್ಪತ್ತನಾಲ್ಕು ವರ್ಷ ಕಬ್ಬಿಣದ ಬೀರುವಿನಲ್ಲಿ ಸದ್ದಿಲ್ಲದೆ ಮಲಗಿತ್ತು.

ಎರಡು ಸಾವಿರದ ಹದಿನೇಳರ ಮೇ ತಿಂಗಳಲ್ಲಿ ಅದು ಎದ್ದು ಕೂತಿತು.

ಶಿವಲಿಂಗಮ್ಮನ ಹುಟ್ಟಿದ ದಿನ ಜೂನ್ ಒಂದು. ಉಯ್ಯಂಬಳ್ಳಿಯ ಮೇಷ್ಟ್ರು ಆ ವರ್ಷ ಶಾಲೆಗೆ ಸೇರಿದ ಅಷ್ಟೂ ಮಕ್ಕಳನ್ನು ಜೂನ್ ಒಂದರಂದೇ ಹುಟ್ಟಿಸಿಬಿಟ್ಟಿದ್ದರು. ಆ ಲೆಕ್ಕದಲ್ಲಿ ಅವಳಿಗೆ ಐವತ್ತೆಂಟು ತುಂಬುವುದರಲ್ಲಿತ್ತು, ಪಿ.ಎಫ್. ಕಡೆಯಿಂದ ಸರ್ಕಾರದ ಪಿಂಚಣಿ ಬರುವ ವಯಸ್ಸು. ಈಗಿನ ಗುಮಾಸ್ತ ಇದ್ರೀಸ್ ಅವಳನ್ನು ಕರೆಸಿದ.

"ಅಕ್ಕಾ, ಪಿಂಚಣಿಗೆ ಅರ್ಜಿ ಹಾಕೋ ಹೊತ್ತಾಯ್ತು. ಡೆತ್ ಸರ್ಟಿಫಿಕೇಟ್ ತನ್ನಿ."

"ಯಾರ್ದು?"

"ನಿಮ್ಮ ಯಜಮಾನ್ರದು."

"ಅದು ಇನ್ನೂ ಸಿಕ್ಕಿಲ್ಲ ಕಣಣ್ಣ."

"ಸತ್ತು ಇಪ್ಪತ್ತಾರು ವರ್ಷ ಆಯ್ತಲ್ಲ, ಇನ್ನೂ ಸಿಕ್ಕಿಲ್ವಾ?"

"ಅವನಿಗೇ ಇನ್ನೂ ಸಾವು ಸಿಕ್ಕಿಲ್ಲ. ಓದ್ವಾರ ಮಾಗಡಿ ಬಸ್‌ಸ್ಟಾಂಡಲ್ಲಿ ಟೀ ಕುಡೀತಾ ನಿಂತಿದ್ನಂತೆ."

ಇದ್ರೀಸ್ ಪೆನ್ನು ಕೆಳಗಿಟ್ಟ. ಅರ್ಧ ಗಂಟೆ ಅವಳಿಗೆ ಕಾನೂನು ಬಿಡಿಸಿ ಹೇಳಿದ. ಗಂಡ ಸತ್ತಿದ್ದರೆ ಸರ್ಟಿಫಿಕೇಟ್ ಬೇಕು. ಬದುಕಿದ್ದರೆ ಗಂಡ ಹೆಂಡತಿ ಜೊತೆಗೆ ಕೂತು ತೆಗೆಸಿದ ಫೋಟೋ ಅಂಟಿಸಬೇಕು, ಅವನ ಹೆಸರು ಬರೆಯಬೇಕು. ಇವಳು ಕಾಲವಾದ ಮೇಲೆ ಅವನು ಇರುವವರೆಗೆ ಅರ್ಧ ಪಿಂಚಣಿ ಅವನಿಗೆ. ಕೋರ್ಟಿನಲ್ಲಿ ವಿಚ್ಛೇದನವಾಗಿದ್ದರೆ ಮಾತ್ರ ಈ ತಂಟೆಯಿಲ್ಲ.

"ನಾನು ಸತ್ರೆ ಅವನಿಗೆ ದುಡ್ಡಾ?" ಶಿವಲಿಂಗಮ್ಮನ ಧ್ವನಿ ಕೇಳಿ ಪಕ್ಕದ ಮಿಷನ್ನಿನವರು ಇಣುಕಿದರು.

"ಅದಕ್ಕೇ ಒಂದು ಮಾತು ಹೇಳ್ತೀನಿ. ಐವತ್ತೆಂಟಕ್ಕೇ ತಗೋಬೇಕು ಅಂತೇನಿಲ್ಲ. ಅರವತ್ತರ ತನಕ ಕಾಯ್ಬೋದು. ಕಾದ್ರೆ ವರ್ಷಕ್ಕೆ ನೂರಕ್ಕೆ ನಾಕು ಜಾಸ್ತಿ ಬರತ್ತೆ. ಅಷ್ಟರಲ್ಲಿ ಕೋರ್ಟಿಗೆ ಹೋಗಿ ಬಿಡುಗಡೆ ಮಾಡಿಸ್ಕೊಳ್ಳಿ." ಇದ್ರೀಸ್ ದನಿ ತಗ್ಗಿಸಿದ. "ಒಂದೇ ಕಷ್ಟ ಅಕ್ಕಾ. ತೀರ್ಪು ಬರೋದ್ರೊಳಗೆ ನಿಮಗೇನಾದ್ರೂ ಹೆಚ್ಚುಕಮ್ಮಿ ಆಗ್ಬಿಟ್ರೆ, ಪಿಂಚಣಿ ನೇರವಾಗಿ ಅವ್ರಿಗೇ ಶುರುವಾಗತ್ತೆ."

ಶಿವಲಿಂಗಮ್ಮ ಈ ಚಿಂತೆಯನ್ನು ಕಾರ್ಖಾನೆ ಗೇಟಿನ ಹೊರಗೆ ಚುರುಮುರಿ ಮಾರುವ ಅಂಕಮ್ಮನ ಹತ್ತಿರ ತೆಗೆದುಕೊಂಡು ಹೋದಳು. ಅಂಕಮ್ಮ ಇದೇ ಕಾರ್ಖಾನೆಯಲ್ಲಿದ್ದವಳು. ಐವತ್ತೆರಡಕ್ಕೇ ಕೆಲಸ ಬಿಟ್ಟು, ವರ್ಷಕ್ಕಿಷ್ಟು ಎಂದು ಮುರಿದುಕೊಂಡು ಕೊಟ್ಟ ಸಣ್ಣ ಪಿಂಚಣಿಯನ್ನೇ ತೆಗೆದುಕೊಂಡಿದ್ದಳು.

"ಬೇಗ ತಗೊಂಡ್ಬುಡಕ್ಕ. ಕಮ್ಮಿ ಕೊಟ್ರೂ ನಾನು ಆಗ್ಲಿಂದ ತಿಂತಾ ಇವ್ನಿ. ಎರಡು ವರ್ಷ ಕಾದ್ರೆ ನಿಂಗೆ ಜಾಸ್ತಿ ಬರೋ ದುಡ್ಡಲ್ಲಿ ತಿಂಗ್ಳಿಗೆ ಅರ್ಧ ಕೇಜಿ ಬಾಡೂ ಬರಾಕಿಲ್ಲ. ಅವನ ಜತೆ ಒಂದು ಫೋಟೋ ತೆಗೆಸ್ಕೊಂಡ್ರೆ ಗಂಟೇನೋಯ್ತದೆ?"

ಮಾತಿನಲ್ಲಿ ನ್ಯಾಯವಿತ್ತು. ಶಿವಲಿಂಗಮ್ಮ ಆ ರಾತ್ರಿಯೆಲ್ಲ ಅರ್ಧ ಸೋತವಳಂತೆ ಇದ್ದಳು. ಫೋಟೋ ತೆಗೆಸಿ ಆಮೇಲೆ ತನ್ನ ಪಾಡಿಗೆ ತಾನಿದ್ದರಾಯಿತು ಎಂಬಲ್ಲಿಗೂ ಬಂದಿದ್ದಳು. ಅವಳನ್ನು ಆ ದೌರ್ಬಲ್ಯದಿಂದ ಪಾರು ಮಾಡಿದವನು ಸಾಕ್ಷಾತ್ ದಾಸಪ್ಪನೇ.

ಅಂಕಮ್ಮನ ಮಗಳನ್ನು ಮಾಗಡಿಗೆ ಕೊಟ್ಟಿತ್ತು. ಚುರುಮುರಿಯ ಜೊತೆ ಸುದ್ದಿಯನ್ನೂ ಕಲಸಿ ಕೊಡುವ ಅಭ್ಯಾಸ ಅಂಕಮ್ಮನಿಗಿತ್ತು. ಹೀಗಾಗಿ ನಾಲ್ಕನೆಯ ದಿನ ಸಂಜೆ ಪಾಳಿ ಬಿಡುವ ಹೊತ್ತಿಗೆ ಗೇಟಿನ ಎದುರು ಅರವತ್ತೇಳು ವರ್ಷದ ದಾಸಪ್ಪ ಪ್ರತ್ಯಕ್ಷನಾದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಬಾಚಣಿಗೆ. ಮೀಸೆಗೆ ಹೊಸದಾಗಿ ಕಪ್ಪು ಬಳಿದಿದ್ದ. ತಲೆಗೆ ಬರುವಷ್ಟರಲ್ಲಿ ಬಣ್ಣ ಮುಗಿದುಹೋಗಿತ್ತು.

"ಏನಮ್ಮಿ ಲಿಂಗಿ, ಚೆಂದಾಗಿದ್ದೀಯಾ?"

ಶಿವಲಿಂಗಮ್ಮ ರೇಷ್ಮೆ ಎಳೆಗೆ ಸಿಕ್ಕಿಕೊಂಡ ತಲೆಗೂದಲನ್ನು ನೋಡುವಂತೆ ಅವನನ್ನು ನೋಡಿದಳು. "ಯಾರಪ್ಪ ನೀನು?"

"ತಮಾಸೆ ಮಾಡ್ಬೇಡ. ಫೋಟೋಗೆ ಬಂದಿವ್ನಿ. ಗಂಡ ಎಂಡ್ತಿ ಜತೇಲಿ ಕುಂತಿರೋದು ಬೇಕಂತಲ್ಲ. ತಡ ಮಾಡ್ಬೇಡ, ಐವತ್ತೆಂಟಕ್ಕೇ ಹಾಕ್ಬುಡು ಅರ್ಜಿಯ. ನಿಂಗೂ ವಯಸ್ಸಾಯ್ತು. ಬಿ.ಪಿ. ಬ್ಯಾರೆ ಐತಂತೆ."

"ಬಿ.ಪಿ. ವಿಸ್ಯ ಯಾರು ಹೇಳಿದ್ರು?"

ಅಂಕಮ್ಮ ಬೆನ್ನು ತಿರುಗಿಸಿ ಅಗತ್ಯಕ್ಕಿಂತ ಹೆಚ್ಚು ಈರುಳ್ಳಿ ಹೆಚ್ಚತೊಡಗಿದಳು.

"ನಾನು ಸತ್ರೆ ಅರ್ಧ ನಿಂಗೆ ಅಂತಾನೂ ಹೇಳಿರ್ಬೇಕಲ್ಲ?"

"ಛೆ ಛೆ, ಬುಡ್ತು ಅನ್ನು. ನೂರು ವರ್ಷ ಬದುಕು ನೀನು," ಎಂದ ದಾಸಪ್ಪ. ಹೇಳಿದ ಮೇಲೆ ಆ ಸಂಖ್ಯೆ ತುಸು ಜಾಸ್ತಿಯಾಯಿತೆನ್ನಿಸಿ, "ಆದ್ರೂ ಕಾನೂನು ಅಂತ ಒಂದೈತಲ್ಲ" ಎಂದು ಸೇರಿಸಿದ.

"ಹಸು ಎಲ್ಲಯ್ಯಾ?"

"ಯಾವ ಹಸು?"

"ನನ್ನ ಓಲೆ ಬಿಚ್ಚಿಸ್ಕೊಂಡು ತರಾಕೆ ಹೋಗಿದ್ಯಲ್ಲ, ಅದು. ಇಪ್ಪತ್ತಾರು ವರ್ಷ ಆಯ್ತು, ಇನ್ನೂ ನಡ್ಕೊಂಡು ಬತ್ತಾ ಐತಾ?"

ಪಾಳಿ ಬಿಟ್ಟ ಹೆಂಗಸರೆಲ್ಲ ಗುಂಪು ಕಟ್ಟಿ ನಿಂತರು. ದಾಸಪ್ಪ ಬಾಚಣಿಗೆ ತೆಗೆದು ಇಲ್ಲದ ಕ್ರಾಪು ತೀಡಿದ. ಶಿವಲಿಂಗಮ್ಮ ಊಟದ ಡಬ್ಬಿಯನ್ನು ಗದೆಯಂತೆ ಎತ್ತಿ ಹಿಡಿದು ಆಡಿದ ಶಪಥ ಚನ್ನಪಟ್ಟಣದ ಆ ಬೀದಿಯಲ್ಲಿ ಬಹಳ ಕಾಲ ಚಾಲ್ತಿಯಲ್ಲಿತ್ತು.

"ಕೇಳ್ಕೊ. ಐವತ್ತೆಂಟಕ್ಕೆ ತಗೊಳಾಕಿಲ್ಲ. ಅರವತ್ತಕ್ಕೇ ತಗೊಳ್ಳಾದು. ಅಲ್ಲೀಗಂಟ ಸಾಯಾಕಿಲ್ಲ. ನೀನು ಸಾಯೋದಾದ್ರೆ ಸಾಯಿ, ನನ್ನದೇನೂ ಅಡ್ಡಿ ಇಲ್ಲ. ಇಷ್ಟು ವರ್ಷ ಎಡೆ ಇಟ್ಟಿವ್ನಿ, ಇನ್ನೆರಡು ಇಡೋದು ಭಾರ ಅಲ್ಲ!"

ಇಂಥ ಶಪಥ ಮಾಡುವುದು ಸುಲಭ, ಎರಡು ವರ್ಷ ಉಸಿರಾಡುತ್ತಾ ಅದನ್ನು ಕಾಪಾಡುವುದು ಕಷ್ಟ. ಹಿಂದೆಲ್ಲ ಬೆಂಗಳೂರು–ಮೈಸೂರು ರಸ್ತೆಯನ್ನು ಲಾರಿಗಳಿಗೆ ಕೈ ತೋರಿಸಿ ದಾಟುತ್ತಿದ್ದವಳು ಈಗ ಎರಡೂ ಕಡೆ ಮೂರು ಮೂರು ಸಲ ನೋಡಿ, ಜೊತೆಗೆ ಯಾರಾದರೂ ದಪ್ಪನೆಯವರು ಸಿಕ್ಕ ಮೇಲೆ ಅವರ ಮರೆಯಲ್ಲಿ ದಾಟಿದಳು. ಉಪ್ಪಿನಕಾಯಿಯ ಜಾಡಿ ಪಕ್ಕದ ಮನೆಗೆ ಹೋಯಿತು. ತಮ್ಮನ ಮಗ ಬೈಕಿನಲ್ಲಿ ಬಿಡುತ್ತೇನೆಂದರೆ, "ನೀನು ನನ್ನ ಕಡೆಯೋನೋ ದಾಸಪ್ಪನ ಕಡೆಯೋನೋ?" ಎಂದು ಕೇಳಿದಳು. ಗುಡುಗಿದರೆ ಸ್ವಿಚ್ಚು ಮುಟ್ಟಲಿಲ್ಲ. ಬಿ.ಪಿ. ನೋಡಿದ ಡಾಕ್ಟರಿಗೆ, "ಅರವತ್ತರಗಂಟ ಬರೆದುಕೊಡಿ ಸ್ವಾಮಿ, ಆಮ್ಯಾಕೆ ನಾನೇ ನೋಡ್ಕೊತೀನಿ" ಎಂದಳು. ಕಾರ್ಖಾನೆಯವರು ದಿನಗೂಲಿಯ ಮೇಲೆ ಉಳಿಸಿಕೊಂಡಿದ್ದರಿಂದ ಹೊಟ್ಟೆಗೆ ತೊಂದರೆಯಾಗಲಿಲ್ಲ.

ದಾಸಪ್ಪನೂ ಸುಮ್ಮನಿರಲಿಲ್ಲ. ತಿಂಗಳಿಗೊಮ್ಮೆ ಫೋನು ಮಾಡಿ, "ಹೆಂಗಿದ್ದೀಯಾ?" ಎಂದು ಕಾಳಜಿಯಿಂದ ವಿಚಾರಿಸುತ್ತಿದ್ದ. ಅವಳು, "ಇವತ್ತು ಎರಡು ಮುದ್ದೆ ಉಂಡೆ. ಮೆಟ್ಲು ಹತ್ತಿದ್ರೆ ಏದುಸ್ರೂ ಬರಾಕಿಲ್ಲ" ಎಂದು ವರದಿ ಒಪ್ಪಿಸುತ್ತಿದ್ದಳು. ಆ ಕಡೆಯಿಂದ ಒಂದು ನಿಟ್ಟುಸಿರು ಕೇಳುತ್ತಿತ್ತು. ಆ ನಿಟ್ಟುಸಿರು ಅವಳಿಗೆ ಬಿ.ಪಿ. ಮಾತ್ರೆಗಿಂತ ಚೆನ್ನಾಗಿ ಒಗ್ಗಿತು.

ಇಷ್ಟರಲ್ಲಿ ರಾಮನಗರದ ಕೋರ್ಟಿನಲ್ಲಿ ಕೇಸು ದಾಖಲಾಗಿತ್ತು. ಗಂಡ ಬಿಟ್ಟುಹೋಗಿದ್ದಾನೆ, ವಿಚ್ಛೇದನ ಬೇಕು ಎಂಬ ಅರ್ಜಿ. ಇವಳ ಲಾಯರಮ್ಮ ಚುರುಕಿನವಳು. ಇಪ್ಪತ್ತನಾಲ್ಕು ವರ್ಷದ ಹಿಂದಿನ "ವಿಧವೆ"ಯನ್ನು ಮೊದಲೇ ಒಂದು ಅಫಿಡವಿಟ್ಟಿನಲ್ಲಿ ಒಪ್ಪಿ ಸರಿಪಡಿಸಿಬಿಟ್ಟಳು. ದಾಸಪ್ಪ ಬಿಡುಗಡೆ ಬೇಡವೆಂದ. ಹೆಂಡತಿಯ ಮೇಲೆ ಪ್ರಾಣವೇ ಇದೆಯೆಂದ. ಪ್ರತಿ ವಾಯಿದೆಗೂ ಗುಡೇಮಾರನಹಳ್ಳಿಯಿಂದ ಮಾಗಡಿಗೊಂದು ಬಸ್ಸು, ಅಲ್ಲಿಂದ ರಾಮನಗರಕ್ಕೊಂದು ಬಸ್ಸು, ಮಂಡಿನೋವಿನ ಕಾಲಿನಲ್ಲಿ ಕೋರ್ಟಿನ ಮೆಟ್ಟಿಲು. ಶಿವಲಿಂಗಮ್ಮ ಮಾತ್ರ ಆ ದಿನ ಬೆಳಿಗ್ಗೆ ಎದ್ದು ನಾಟಿ ಕೋಳಿ ಸಾರು ಮಾಡಿ, ಡಬ್ಬಿ ಕಟ್ಟಿಕೊಂಡು ಬಂದು, ಕೋರ್ಟಿನ ಆವರಣದ ಹೊಂಗೆ ಮರದ ಕೆಳಗೆ ಅವನಿಗೆ ವಾಸನೆ ತಲುಪುವಷ್ಟು ದೂರದಲ್ಲಿ ಕೂತು ಉಣ್ಣುತ್ತಿದ್ದಳು. ಮೂಳೆಯನ್ನು ಒಂದೊಂದಾಗಿ, ಸದ್ದು ಮಾಡಿಕೊಂಡು ಚೀಪುತ್ತಿದ್ದಳು.

ಹದಿನೆಂಟನೆಯ ವಾಯಿದೆ ಎರಡು ಸಾವಿರದ ಹತ್ತೊಂಬತ್ತರ ಮಾರ್ಚಿನಲ್ಲಿ ಬಂತು. ಅರವತ್ತಕ್ಕೆ ಇನ್ನು ಮೂರು ತಿಂಗಳಿತ್ತು. ಅಂದು ದಾಸಪ್ಪ ಕಟಕಟೆಯಲ್ಲಿ ನಿಂತು, ಲಾಯರು ಕಲಿಸಿಕೊಟ್ಟ ಬ್ರಹ್ಮಾಸ್ತ್ರ ಬಿಟ್ಟ.

"ನಾನು ಎಂಡ್ತೀನ ಬುಟ್ಟೇ ಇಲ್ಲ ಸ್ವಾಮಿ. ಕೂಲಿ ಕಂಬ್ಳ ಅಂತ ಮಾಗಡಿ ಕಡೆ ಇದ್ದೆ ಅಷ್ಟೆ. ಶನ್ವಾರ ಶನ್ವಾರ ಚನ್ನಪಟ್ಟಣಕ್ಕೆ ಹೋಗಿ, ಇವಳ ಮನೇಲಿ ಉಂಡು ಮನಗಿದ್ದು, ಭಾನ್ವಾರ ಬತ್ತಿದ್ದೆ. ಇಷ್ಟು ವರ್ಷದಲ್ಲಿ ಒಂದು ಶನ್ವಾರಾನೂ ತಪ್ಪಿಸಿಲ್ಲ. ಬೇಕಾರೆ ಊರೋರ್ನ ಕೇಳಿ, ಶನ್ವಾರ ನಾನು ಊರಲ್ಲಿ ಇರಾಕಿಲ್ಲ."

ಈ ಕೊನೆಯ ಮಾತು ನಿಜ. ಶನಿವಾರ ಸಂಜೆ ದಾಸಪ್ಪ ಊರಲ್ಲಿ ಇರುವುದಿಲ್ಲವೆಂದು ಇಡೀ ಗುಡೇಮಾರನಹಳ್ಳಿ ಸಾಕ್ಷಿ ಹೇಳಬಲ್ಲದು. ನಿಜದ ಗೂಟಕ್ಕೆ ಸುಳ್ಳಿನ ಎಮ್ಮೆ ಕಟ್ಟಿ ಲಾಯರು ಹೆಮ್ಮೆಯಿಂದ ಕೂತಿದ್ದರು. ಅವರಿಗೂ ದಾಸಪ್ಪನಿಗೂ ತಿಳಿಯದೆ ಹೋದದ್ದು ಒಂದೇ: ಹಿಂದಿನ ಬೆಂಚಿನಲ್ಲಿ ಮುನಿರತ್ನಮ್ಮ ಕೂತಿದ್ದಾಳೆ. ಎರಡು ವರ್ಷದಿಂದ ಕೋರ್ಟು ಕೋರ್ಟು ಎಂದು ಹೊರಡುವ ಗಂಡಸು ಹೋಗುವುದಾದರೂ ಎಲ್ಲಿಗೆ ಎಂದು ನೋಡಲು, ಗಾರ್ಮೆಂಟ್ಸ್ ಕೆಲಸಕ್ಕೆ ರಜೆ ಹಾಕಿ ಅವನ ಹಿಂದೆಯೇ ಇನ್ನೊಂದು ಬಸ್ಸಿನಲ್ಲಿ ಬಂದಿದ್ದಳು.

"ಅಂಗಾರೆ ರಂಗನಾಥಸ್ವಾಮಿ?"

ಎಲ್ಲರೂ ತಿರುಗಿ ನೋಡಿದರು. ಮುನಿರತ್ನಮ್ಮ ಎದ್ದು ನಿಂತಿದ್ದಳು.

"ಶನ್ವಾರ ಉಪವಾಸ ಇದ್ದು ರಂಗನಾಥಸ್ವಾಮಿ ಗುಡೀಲಿ ರಾತ್ರಿಯೆಲ್ಲ ಭಜನೆ ಮಾಡ್ತೀನಿ ಅಂತಿದ್ಯಲ್ಲೋ! ವಾರ ವಾರ ಅವಲಕ್ಕಿ ಬಾಳೆಹಣ್ಣು ಕಟ್ಟಿಕೊಡ್ತಿದ್ನಲ್ಲೋ!"

"ಯಾರಮ್ಮ ನೀವು?" ಎಂದರು ನ್ಯಾಯಾಧೀಶರು.

"ಇವನ ಎಂಡ್ತಿ ಸ್ವಾಮಿ. ಇಪ್ಪತ್ತೆಂಟು ವರ್ಷದಿಂದ."

ಲಾಯರಮ್ಮ ಹಬ್ಬದೂಟಕ್ಕೆ ಕೂತವಳಂತೆ ಸೆರಗು ಸರಿಮಾಡಿಕೊಂಡಳು. ದಾಸಪ್ಪನ ಲಾಯರು ನೀರಿನ ಬಾಟಲಿ ಹುಡುಕಿದರು. ನ್ಯಾಯಾಧೀಶರು ನಗು ನುಂಗಿ, ಶಿವಲಿಂಗಮ್ಮನ ಕಡೆ ತಿರುಗಿದರು. "ಪ್ರಮಾಣ ಮಾಡಿ ಹೇಳಿ. ಇವರು ಶನಿವಾರ ನಿಮ್ಮ ಮನೆಗೆ ಬರ್ತಿದ್ರಾ?"

ಶಿವಲಿಂಗಮ್ಮ ಲೆಕ್ಕ ಹಾಕಿದಳು. ಹೌದು ಎಂದರೆ ದಾಸಪ್ಪನ ಮನೆಗೆ ಇವತ್ತೇ ಬೆಂಕಿ ಬೀಳುತ್ತದೆ. ಆದರೆ ಕೇಸು ಬಿದ್ದುಹೋಗಿ ಅರ್ಧ ಪಿಂಚಣಿ ಅವನದಾಗುತ್ತದೆ. ಇಲ್ಲ ಎಂದರೆ ಕೇಸು ಗೆಲ್ಲುತ್ತದೆ. ಆದರೆ ಮುನಿರತ್ನಮ್ಮ ಸಮಾಧಾನವಾಗಿ, ಸಂಜೆ ಅವನಿಗೆ ಬಿಸಿ ಮುದ್ದೆ ತಟ್ಟುತ್ತಾಳೆ. ಒಂದು ಬೇಕೆಂದರೆ ಇನ್ನೊಂದು ಬಿಡಬೇಕು. ಬಿಡುವುದು ಅವಳ ಜಾಯಮಾನದಲ್ಲಿರಲಿಲ್ಲ.

"ದೇವ್ರಾಣೆಗೂ ಇಲ್ಲ ಸ್ವಾಮಿ. ನಮ್ಮನೆ ಹೊಸ್ಲು ಎಂಗೈತೆ ಅಂತಾನೂ ಅವನಿಗೆ ಗೊತ್ತಿಲ್ಲ." ಆಮೇಲೆ ಮುನಿರತ್ನಮ್ಮನ ಕಡೆ ತಿರುಗಿ, ಬಹಳ ಅಂತಃಕರಣದಿಂದ ಹೇಳಿದಳು: "ಗುಡೀಗೂ ಹೋಗಿಲ್ಲ, ನಮ್ಮನೇಗೂ ಬಂದಿಲ್ಲ. ಅಂಗಾರೆ ಇಷ್ಟು ವರ್ಷ ಶನ್ವಾರ ರಾತ್ರಿ ಎಲ್ಲಿ ಮನಗ್ತಿದ್ದ ಅಂತ ಅವನನ್ನೇ ಒಸಿ ಕೇಳು ಕಣಮ್ಮಿ."

ಸತ್ಯ ಹೇಳಬೇಕೆಂದರೆ ದಾಸಪ್ಪ ಒಬ್ಬ ಗೆಳೆಯನ ಪಂಪ್‌ಸೆಟ್ ಮನೆಯಲ್ಲಿ ಇಸ್ಪೀಟು ಆಡುತ್ತಿದ್ದ, ಅಷ್ಟೆ. ಅದನ್ನು ಅವನು ಕಟಕಟೆಯಿಂದಲೇ ಕೂಗಿ ಹೇಳಿದ. ಬಸ್ಸಿನಲ್ಲಿ ಹೇಳಿದ, ಮನೆ ಬಾಗಿಲಲ್ಲಿ ನಿಂತು ಹೇಳಿದ. ಜೀವಮಾನದಲ್ಲಿ ಅವನು ಆಡಿದ ಮೊದಲನೆಯ ಪೂರ್ತಿ ನಿಜ ಅದು, ಒಬ್ಬರೂ ನಂಬಲಿಲ್ಲ. ಮುನಿರತ್ನಮ್ಮ ಅವನ ಚಾಪೆಯನ್ನು ಹುಳು ಸಾಕುವ ಕೊಟ್ಟಿಗೆಗೆ ಎಸೆದಳು. ಅಂದಿನಿಂದ ದಾಸಪ್ಪ ಬೆಳಗಿನ ಜಾವ ಎದ್ದು ಹಿಪ್ಪುನೇರಳೆ ಸೊಪ್ಪು ಕೊಯ್ದು ಹುಳುಗಳಿಗೆ ಉಣಿಸಿದ. ಆಮೇಲೆ ಏನಾದರೂ ಮಿಕ್ಕಿದ್ದರೆ ಅವನೂ ಉಂಡ.

ಮೇ ಮೂರನೆಯ ವಾರ ತೀರ್ಪು ಬಂತು. ಜೂನ್ ಒಂದರಂದು, ಅರವತ್ತು ತುಂಬಿದ ಶಿವಲಿಂಗಮ್ಮ ಸ್ಟುಡಿಯೋದ ಕುರ್ಚಿಯಲ್ಲಿ ಒಬ್ಬಳೇ ಕೂತಳು. "ಒಸಿ ನಗಿ ಅಮ್ಮಾ" ಎಂದ ಫೋಟೋದವನು. "ಬ್ಯಾಡಪ್ಪ, ಸುರು ಮಾಡಿದ್ರೆ ನಿಲ್ಸಾಕಾಗಾಕಿಲ್ಲ" ಎಂದಳು.

ಎರಡು ವರ್ಷ ಕಾದದ್ದಕ್ಕೆ ತಿಂಗಳಿಗೆ ನೂರ ತೊಂಬತ್ತೆರಡು ರೂಪಾಯಿ ಹೆಚ್ಚಿಗೆ ಬಂತು. ಇದ್ರೀಸ್ ಪ್ರಾಮಾಣಿಕ ಮನುಷ್ಯ. ಹೇಳದೆ ಇರಲಾರದೆ ಹೇಳಿದ. "ಅಕ್ಕಾ, ಬಿಟ್ಟುಕೊಟ್ಟ ಎರಡು ವರ್ಷದ ದುಡ್ಡು ಈ ಹೆಚ್ಚಿನದರಲ್ಲಿ ವಾಪಸ್ ಬರಬೇಕು ಅಂದ್ರೆ ಇನ್ನೂ ಇಪ್ಪತ್ತೈದು ವರ್ಷ ಬೇಕು. ಎಂಬತ್ತೈದರವರೆಗೆ ಬದುಕಬೇಕು ನೀವು."

"ಬದುಕಿದ್ರಾಯ್ತು. ಈಗ ಅಭ್ಯಾಸ ಆಗೈತೆ," ಎಂದಳು ಶಿವಲಿಂಗಮ್ಮ.

ಶ್ರಾವಣದ ಒಂದು ಭಾನುವಾರ ಅವಳ ಮನೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ, ಕೈಯಲ್ಲಿ ಒಂದು ಹಲಸಿನ ಹಣ್ಣಿನ ಹೋಳು ಹಿಡಿದು ಮುನಿರತ್ನಮ್ಮ ನಿಂತಿದ್ದಳು.

"ನಿಮ್ಮನ್ನ ಒಂದು ಮಾತು ಕೇಳ್ಕೊಂಡು ಹೋಗಣ ಅಂತ ಬಂದೆ ಅಕ್ಕಾ."

"ಬಾ, ಕುಂತ್ಕೊ."

ಕುಳಿತ ಮೇಲೆ ಮುನಿರತ್ನಮ್ಮ ತಡವರಿಸಿದಳು. "ಗಾರ್ಮೆಂಟ್ಸಲ್ಲಿ ನಂಗೂ ಪಿ.ಎಫ್. ಐತೆ. ಬರೋ ವರ್ಷ ಐವತ್ತೆಂಟು. ಅದೆಂಗೋ ಅವನಿಗೆ ಗೊತ್ತಾಗ್ಬುಟ್ಟೈತೆ. ಈಗ ಕೊಟ್ಟಿಗೇಲಿ ಕುಂತ್ಕೊಂಡು ಒಂದೇ ಹಟ. ಲಿಂಗಿಯಿಂದ ಬುಡುಗಡೆ ಆಯ್ತಲ್ಲ, ನಮ್ಮ ಮದ್ವೆ ರಿಜಿಸ್ಟ್ರು ಮಾಡಿಸ್ಕೊಳಣ ಅಂತಾನೆ. ನೆನ್ನೆ ಮಲ್ಲಿಗೆ ಹೂವ ತಂದಿದ್ದ."

ಶಿವಲಿಂಗಮ್ಮ ಒಲೆಯ ಮೇಲೆ ಕಾಫಿಗೆ ನೀರಿಟ್ಟಳು. ಅವಳ ಮುಖದಲ್ಲಿ, ಯುದ್ಧ ಮುಗಿಯಿತೆಂದು ಕತ್ತಿ ಒರೆಗೆ ಹಾಕಿದ ವೀರನಿಗೆ ದೂರದಲ್ಲಿ ಇನ್ನೊಂದು ಕಹಳೆ ಕೇಳಿದಾಗ ಬರುವ ಕಳೆ ಬಂತು.

"ಕಾಗ್ದದ ಮ್ಯಾಲೆ ಎಲ್ಲೂ ಮದ್ವೆ ಅಂತ ಇಲ್ವಲ್ಲ?"

"ಎಲ್ಲೂ ಇಲ್ಲ. ಅದುಕ್ಕೇ ಕೇಳಾಕೆ ಬಂದೆ. ಪಿಂಚಣಿ ಐವತ್ತೆಂಟಕ್ಕೆ ತಗೊಳ್ಳಾ, ಇಲ್ಲ ನಿಮ್ಮಂಗೆ ಅರವತ್ತಕ್ಕಾ?"

"ನೀನು ಯಾಕಮ್ಮಿ ಕಾಯೀಯೆ? ಐವತ್ತೆಂಟಕ್ಕೇ ತಗೋ. ಒಬ್ಳೇ ಫೋಟೋ ತೆಗೆಸ್ಕೊ. ಅವನಿಗೆ ಮಾತ್ರ, ಅರವತ್ತಕ್ಕೆ ತಗೊತೀನಿ, ಅದರ ಹಿಂದ್ಲ ದಿನ ರಿಜಿಸ್ಟ್ರು ಆಗಣ ಅಂತ ಹೇಳು. ಅಲ್ಲೀಗಂಟ ಸೊಪ್ಪು ಕುಯ್ದು, ಕಸ ಗುಡ್ಸಿ, ನಿನ್ನ ಕಾಲ್ದೆಸೇಲಿ ಚೆಂದಾಗಿ ದುಡೀಲಿ. ಆಸೆ ಇದ್ರೆ ಮಂಡಿನೋವು ಗೊತ್ತಾಗಾಕಿಲ್ಲ."

ಮುನಿರತ್ನಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಭುಜ ಕುಲುಕತೊಡಗಿತು. "ಅರವತ್ತಾದ ಮ್ಯಾಲೆ ಏನಂತ ಹೇಳನಕ್ಕ?"

ಶಿವಲಿಂಗಮ್ಮ ಎರಡು ಲೋಟಕ್ಕೂ ಕಾಫಿ ಬಗ್ಗಿಸಿ, ನೊರೆ ಹೆಚ್ಚಿದ್ದನ್ನು ಅವಳ ಮುಂದಿಟ್ಟಳು.

"ಸರ್ಕಾರ ಅರವತ್ತೆರಡಕ್ಕೆ ಏರ್ಸೈತೆ ಅನ್ನು."